ಕಾಡುಹಂದಿ ಹಾವಳಿ: ಬೇಟೆಗೆ ಅನುಮತಿ ಯಾರಿಂದ, ಹೇಗೆ?

ಮುಸುಕಿನ ಜೋಳಕ್ಕೋ ಶೇಂಗಾಕ್ಕೋ ಕಾಡುಹಂದಿ ನುಗ್ಗಿದಾಗ ಬೇಟೆಯ ಲೈಸೆನ್ಸ್ ಎಲ್ಲಿ ದೊರೆಯುತ್ತದೆ ಎಂದು ಅನೇಕ ರೈತರು ವಿಚಾರಿಸುತ್ತಾರೆ. ಅಂತಹ ಸಾಮಾನ್ಯ ಲೈಸೆನ್ಸ್ ನಮ್ಮಲ್ಲಿಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯು ಬೇಟೆಯನ್ನು ನಿಷೇಧಿಸಿದೆ. ಬೆಳೆ ರಕ್ಷಣೆಗೆ ಪಡೆದ ಬಂದೂಕಿನ ಪರವಾನಗಿಯು ಆಯುಧ ಹೊಂದುವುದಕ್ಕೆ ಮಾತ್ರ, ಪ್ರಾಣಿಯನ್ನು ಕೊಲ್ಲುವುದಕ್ಕಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ.

ಕಾಡುಹಂದಿಯು ಈಗ ಕಾಯ್ದೆಯ ಅನುಸೂಚಿ 2ರಲ್ಲಿದೆ. ಅದು ಜೀವಕ್ಕೆ ಅಥವಾ ಹೊಲದಲ್ಲಿ ನಿಂತ ಬೆಳೆಗೆ ಅಪಾಯಕಾರಿಯಾದಾಗ, ಕಲಂ 11ರ ಅನ್ವಯ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣ ನಮೂದಿಸಿ ಬೇಟೆಗೆ ಲಿಖಿತ ಆದೇಶ ನೀಡಬಹುದು. ಆದ್ದರಿಂದ ಸರ್ವೆ ನಂಬರ್, ಹಾನಿಯಾದ ದಿನಾಂಕ, ವಿಸ್ತೀರ್ಣ ಹಾಗೂ ಛಾಯಾಚಿತ್ರಗಳೊಡನೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಗುಂಡು ಹಾರಿಸಬೇಡಿ. ಆದೇಶದಂತೆ ಕೊಂದ ಹಂದಿಯೂ ಸರ್ಕಾರದ ಸ್ವತ್ತು. ಅದರ ಮಾಂಸವನ್ನು ಹಂಚಿಕೊಳ್ಳುವಂತಿಲ್ಲ.

ಉರುಳು ಒಡ್ಡುವುದು, ವಿಷವಿಡುವುದು ಸಹ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ. ಇದಕ್ಕೆ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬೇಲಿಗೆ ನೇರವಾಗಿ ವಿದ್ಯುತ್ ಹರಿಸಿದರಂತೂ ರಾತ್ರಿ ನೀರು ಹಾಯಿಸಲು ಬರುವ ನಿಮ್ಮ ನೆರೆಯವರೇ ಬಲಿಯಾಗಬಹುದು.

ಬೇಟೆಗೆ ಅನುಮತಿ ದೊರೆಯಲಿ, ಬಿಡಲಿ, ಬೆಳೆಹಾನಿ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಿರಿ. ಸ್ಥಳ ಪರಿಶೀಲನೆ ಮುಗಿಯುವವರೆಗೆ ಹಾನಿಗೊಂಡ ಬೆಳೆಯನ್ನು ಕಿತ್ತುಹಾಕಬೇಡಿ.