ವಲಸೆ ಕಾರ್ಮಿಕರ ಒತ್ತಡ: ತಪ್ಪು ಕಲ್ಪನೆ ಮತ್ತು ಸತ್ಯ

ಒಡಿಶಾ, ಬಿಹಾರ, ಬಂಗಾಳಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಅಸ್ಸಾಮಿನಿಂದ ಕೊಡಗಿನ ಕಾಫಿ ತೋಟಕ್ಕೆ ಬಂದವರು ದೇಶದೊಳಗೇ ಇದ್ದಾರೆ. ಹಾಗಾಗಿ ಅವರಿಗೆ ಸಾಂಸ್ಕೃತಿಕ ಹೊಂದಾಣಿಕೆಯ ಒತ್ತಡವಿಲ್ಲ ಎಂದು ಹಲವರು ತಿಳಿದಿದ್ದಾರೆ. ಈ ಒತ್ತಡಕ್ಕೆ ದೇಶದ ಗಡಿ ದಾಟಲೇಬೇಕೆಂದಿಲ್ಲ. ಬಸ್ಸಿನ ಬೋರ್ಡು ಓದಲು ಬಾರದಿದ್ದರೆ, ಆಸ್ಪತ್ರೆಯಲ್ಲಿ ನೋವು ಎಲ್ಲಿ, ಎಂಥದ್ದು ಎಂದು ಹೇಳಲು ಮಾತು ಸಿಗದಿದ್ದರೆ ಸಾಕು.

ತಮ್ಮೂರಿನವರ ಜೊತೆಗಿದ್ದರೆ ಆಸರೆಗೇನೂ ಕೊರತೆಯಿಲ್ಲ ಎಂಬುದು ಇನ್ನೊಂದು ನಂಬಿಕೆ. ಇದು ಅರ್ಧ ಸತ್ಯ. ಜ್ವರ ಬಂದಾಗ ಗಂಜಿ, ತುರ್ತಿಗೆ ಕೈಸಾಲ, ಮುಂದಿನ ಕೆಲಸದ ಸುಳಿವು ಮೊದಲು ಸಿಗುವುದು ತಗಡಿನ ಶೆಡ್ಡಿನ ಅಕ್ಕಪಕ್ಕದಲ್ಲೇ. ಆದರೆ ಕರೆತಂದ ಮೇಸ್ತ್ರಿಯೇ ಎಷ್ಟೋ ಕಡೆ ನೆಂಟನೂ ಹೌದು, ಮುಂಗಡ ಕೊಟ್ಟವನೂ ಹೌದು, ಹಾಜರಿ ಬರೆಯುವವನೂ ಹೌದು. ಕೂಲಿ ಬಾಕಿ ಉಳಿದಾಗ ದೂರಬೇಕಾದದ್ದು ಅವನನ್ನೇ. ಊರಲ್ಲಿರುವ ಮನೆಯವರೂ ಅವನ ಹಂಗಿನಲ್ಲಿರುತ್ತಾರೆ. ಇನ್ನು ಒಂದೇ ಶೆಡ್ಡಿನವರಿಗೆ ಗೊತ್ತಿರುವುದೂ ಹೆಚ್ಚುಕಡಿಮೆ ಒಂದೇ. ಊರಿನ ಪಡಿತರ ಚೀಟಿಯಿಂದ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದೆಂಬ ಮಾಹಿತಿ ಅಲ್ಲಿ ಯಾರಿಗೂ ಇರದಿದ್ದರೆ, ಅದನ್ನು ಹೊರಗಿನವರೇ ತಿಳಿಸಬೇಕು. ಗುಂಪಿನೊಳಗೆ ಧೈರ್ಯ ಹರಡುವಂತೆ ಭಯವೂ ಹರಡುತ್ತದೆ. 2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್ ಮತ್ತು ಬಾಯಿಮಾತಿನ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು.

ಮೊದಲು ಕಷ್ಟ, ಆಮೇಲೆ ತಾನಾಗಿ ರೂಢಿಯಾಗುತ್ತದೆ ಎನ್ನುವವರೂ ಇದ್ದಾರೆ. ಮೊದಲ ಹುರುಪು, ನಡುವೆ ಕುಸಿತ, ಬಳಿಕ ಚೇತರಿಕೆ ಎಂಬ ಪ್ರಸಿದ್ಧ ರೇಖೆಯನ್ನು 1955ರಲ್ಲಿ ಮುಂದಿಟ್ಟ ಸಮಾಜಶಾಸ್ತ್ರಜ್ಞ ಲಿಸ್ಗಾರ್ಡ್ ಗಮನಿಸಿದ್ದು ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು. ಸಾಲ ತೀರಿಸಲು ಬಂದು, ಕೆಲಸ ಮುಗಿದಂತೆ ಸೈಟು ಬದಲಿಸುವ ಕೂಲಿಕಾರನಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ತಮ್ಮತನ ಬಿಟ್ಟು ಪೂರ್ತಿ ಇಲ್ಲಿಯವರಾದರೆ ನೆಮ್ಮದಿ ಎಂಬ ಮಾತಿಗೂ ಆಧಾರ ಕಡಿಮೆ. ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರ್ರಿ ಹೇಳುವಂತೆ, ತಮ್ಮ ಭಾಷೆ-ಆಚರಣೆ ಉಳಿಸಿಕೊಂಡೇ ಸ್ಥಳೀಯರೊಡನೆ ಬೆರೆಯುವವರಲ್ಲಿ ಸಾಮಾನ್ಯವಾಗಿ ಒತ್ತಡ ಕಡಿಮೆ. ಎರಡೂ ಕಡೆಗೆ ಸಲ್ಲದವರಲ್ಲಿ ಹೆಚ್ಚು. ಸ್ಥಳೀಯರು ಬೆರೆಯಲು ಬಿಟ್ಟರೆ ಮಾತ್ರ ಮೊದಲನೆಯದು ಸಾಧ್ಯ ಎಂಬುದನ್ನೂ ಅವರು ಹೇಳಿದ್ದಾರೆ. ನೆನಪಿನಿಂದ ಜಾರುವುದು ಈ ಭಾಗವೇ.

ಮೊಬೈಲ್ ಬಂದ ಮೇಲೆ ಒಂಟಿತನವೆಲ್ಲಿ ಎಂಬ ಪ್ರಶ್ನೆಯೂ ಇದೆ. ವಿಡಿಯೋ ಕರೆಯಲ್ಲಿ ಮಗುವಿನ ಮುಖ ಕಾಣುವುದು ನಿಜವಾದ ಸಮಾಧಾನ. ಆದರೆ ಬ್ಯಾಂಡೇಜು ಸುತ್ತಿದ ಕೈ ಕ್ಯಾಮೆರಾದಿಂದ ಆಚೆ ಉಳಿಯುತ್ತದೆ, ಊರಿನ ಸಾಲದ ಸುದ್ದಿಯನ್ನು ಅಲ್ಲಿಯವರೂ ನುಂಗಿಕೊಳ್ಳುತ್ತಾರೆ. ಮನೆಯವರಿಗೆ ಹೇಳಲಾಗದ್ದನ್ನು ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ (14416) ಇದೆ. ಒಡಿಯಾ, ಬಂಗಾಳಿ, ಅಸ್ಸಾಮಿ ಸೇರಿ ಹಲವು ಭಾಷೆಗಳಲ್ಲಿ ಉಚಿತವಾಗಿ ಮಾತಾಡಬಹುದು. ಹತ್ತು ಜನ ಮಲಗುವ ಶೆಡ್ಡಿನಲ್ಲಿ ಆ ಮಾತಿಗೆ ಮರೆ ಹುಡುಕುವುದೇ ಕಷ್ಟ.