ನಗರದ ಸೊಗಸು ಎಲ್ಲಿದೆ?

ನಗರದ ಸೊಗಸು ಎಂದೊಡನೆ ಗಾಜಿನ ಬಾಗಿಲು, ಹೊಳೆಯುವ ನೆಲ, ತಣ್ಣನೆಯ ಗಾಳಿ ಇವೇ ಕಣ್ಣ ಮುಂದೆ ಬರುತ್ತವೆ. ನಾನೂ ಹಾಗೆಯೇ ತಿಳಿದಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನನ್ನು ಸೇರಿಸಲು ಬೆಂಗಳೂರಿಗೆ ಬಂದ ಅಪ್ಪ, ಒಂದು ಹೋಟೆಲಿನ ಗಾಜಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟರು. ಒಳಗಿದ್ದವರು ನಕ್ಕರು. ನಾವು ಕಾಫಿ ಕುಡಿಯದೆ ಹಿಂದಿರುಗಿದೆವು. ಕೈಯಲ್ಲಿ ಹೆಚ್ಚು ಹಣವಿಲ್ಲದವನು ಅಳುಕಿಲ್ಲದೆ ಕೂರಬಹುದಾದ ಸೊಗಸಾದ ಜಾಗ ಈ ಊರಿನಲ್ಲಿ ಯಾವುದು? ಅಂದು ಹುಟ್ಟಿದ ಈ ಪ್ರಶ್ನೆಗೆ ಇಷ್ಟು ವರ್ಷ ಉತ್ತರ ಹುಡುಕಿದ್ದೇನೆ.

ಮೊದಲು ತಿಂಡಿಯ ಮಾತು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾಯಿತು. ಸುತ್ತಲಿನ ವಿದ್ಯಾರ್ಥಿಗಳೇ ಅದರ ಮೊದಲ ಗಿರಾಕಿಗಳು. ಆದುದರಿಂದಲೇ ಆ ಹೆಸರು. ಮಾಣಿಯು ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ಬರುವುದು ನೋಡತಕ್ಕ ದೃಶ್ಯ. ಅಲ್ಲಿ ಅಪರಿಚಿತರು ಒಂದೇ ಮೇಜಿಗೆ ಕೂರುತ್ತಾರೆ. ಎದುರಿನವರು ಸಾಹಿತಿಗಳೋ ಸಾಹುಕಾರರೋ ತಿಳಿಯದು. ಆದರೆ ಹೆಚ್ಚು ಹೊತ್ತು ಕೂರುವಂತಿಲ್ಲ. ಕಾಯುವವರ ಕಣ್ಣೆಲ್ಲ ನಮ್ಮ ತಟ್ಟೆಯ ಮೇಲೆಯೇ!

ಇನ್ನು ಕಲೆಯ ಮಾತು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗಾಗಿ ಕಟ್ಟಿದ ರವೀಂದ್ರ ಕಲಾಕ್ಷೇತ್ರವು 1963ರಲ್ಲಿ ತೆರೆಯಿತು. ನಟ ಶಂಕರನಾಗ್ ಅವರ ಸ್ಮರಣೆಯ ರಂಗಶಂಕರವು ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾಯಿತು. ನಾಟಕ ಮೊದಲಾದ ಮೇಲೆ ಬಂದವರಿಗೆ ಅಲ್ಲಿ ಪ್ರವೇಶವಿಲ್ಲ. ಕಾರಿನಲ್ಲಿ ಬಂದವರಿಗೂ ಬಸ್ಸಿನಲ್ಲಿ ಬಂದವರಿಗೂ ನಿಯಮ ಒಂದೇ. ಆ ಸಮತೆಯೇ ನನಗೆ ದೊಡ್ಡ ಸೊಗಸಾಗಿ ಕಂಡಿತು.

ಕೊನೆಯದು ಕೆಲಸದ ಜಾಗ. ಕಬ್ಬನ್ ಉದ್ಯಾನದ ಹಸುರಿನ ನಡುವೆ ಕೆಂಪು ಕಟ್ಟಡವೊಂದಿದೆ. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಹೆಸರಿನ ಆ ಭವನವೇ ರಾಜ್ಯ ಕೇಂದ್ರ ಗ್ರಂಥಾಲಯ. ಅಲ್ಲಿ ಕುಳಿತು ಓದಲು ಏನನ್ನೂ ಕೊಳ್ಳಬೇಕಾಗಿಲ್ಲ, ಏಳಿರೆಂದು ಅವಸರಿಸುವವರಿಲ್ಲ. ಸ್ಪರ್ಧಾ ಪರೀಕ್ಷೆಗೆ ಓದುವವರ ಪಕ್ಕದಲ್ಲಿಯೇ ಪತ್ರಿಕೆ ಹಿಡಿದ ವೃದ್ಧರು ಕುಳಿತಿರುತ್ತಾರೆ. ನನ್ನ ಪದವಿಯ ಅರ್ಧ ಓದು ನಡೆದುದು ಅಲ್ಲಿಯೇ.

ಕಳೆದ ತಿಂಗಳು ಅಪ್ಪ ಮತ್ತೆ ಬಂದಿದ್ದರು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡಲು ನಿಂತರು.

“ಇಲ್ಲಿ ಬಿಡಬೇಕಾಗಿಲ್ಲಪ್ಪ” ಎಂದೆ.

“ಪುಸ್ತಕ ಇರೋ ಜಾಗ ಕಣೋ” ಎಂದು, ಓದು ಬಾರದ ಅಪ್ಪ ಬರಿಗಾಲಿನಲ್ಲಿಯೇ ಒಳಗೆ ಬಂದರು.

ಅಲ್ಲಿ ಯಾರೂ ನಗಲಿಲ್ಲ.