ಕಿಡ್ನಿಯ ನೀರುಗುಳ್ಳೆ, ಮೇದೋಜೀರಕದ ಭಯ

ಕೂಡ್ಲಿಗಿ ಕಡೆಯ ಓದುಗರೊಬ್ಬರ ಪ್ರಶ್ನೆ: ‘ಅಪ್ಪನಿಗೂ ನನಗೂ ಎರಡೂ ಕಿಡ್ನಿಯಲ್ಲಿ ನೀರುಗುಳ್ಳೆಗಳಿವೆ. ಈಗ ಸ್ಕ್ಯಾನಿಂಗಿನಲ್ಲಿ ಮೇದೋಜೀರಕ ಗ್ರಂಥಿಯಲ್ಲೂ ಒಂದು ಕಂಡಿದೆ. ಕ್ಯಾನ್ಸರ್ ಆಗಿರಬಹುದೆ? ಮನೆಯಲ್ಲಿ ಸೋದರಮಾವನ ಮಗಳನ್ನು ತಂದುಕೊಂಡಿದ್ದಕ್ಕೆ ಹೀಗಾಯಿತೆ?’

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಅಲ್ಲ. ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಸೋದರಿಕೆಯ ಮದುವೆ ಹೊಸದಲ್ಲ, ಮನೆಗೆ ಬಂದ ಕಾಯಿಲೆಗೆ ಸೊಸೆಯನ್ನು ದೂರುವುದೂ ಹೊಸದಲ್ಲ. ದೊಡ್ಡವರಲ್ಲಿ ಕಾಣುವ ಈ ಕಾಯಿಲೆಗೆ ತಂದೆ ಇಲ್ಲವೆ ತಾಯಿ, ಯಾರಾದರೊಬ್ಬರಿಂದ ಬಂದ ಒಂದೇ ದೋಷದ ಜೀನ್ ಸಾಕು. ಗಂಡಾಗಲಿ ಹೆಣ್ಣಾಗಲಿ, ಹುಟ್ಟುವ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. ಸಂಬಂಧ ಹಡಗಲಿಯಿಂದ ತಂದರೂ ದಿಲ್ಲಿಯಿಂದ ತಂದರೂ ಅಷ್ಟೇ.

ಈ ಜೀನ್ ಸಿಕ್ಕ ಬಗೆಯೇ ಸೊಗಸು. ಪೋರ್ಚುಗಲ್‌ನ ಒಂದು ಕುಟುಂಬದಲ್ಲಿ ತಾಯಿ, ಮಗಳು ಇಬ್ಬರಿಗೂ ಕಿಡ್ನಿ ತುಂಬ ಗುಳ್ಳೆ. ಇಬ್ಬರಲ್ಲೂ 16 ಮತ್ತು 22ನೇ ಕ್ರೋಮೋಸೋಮುಗಳು ತುಂಡಾಗಿ ಅದಲುಬದಲಾಗಿದ್ದವು. 16ನೆಯದು ಮುರಿದ ಜಾಗವನ್ನೇ ಶೋಧಿಸಿದ ಯುರೋಪಿನ ವಿಜ್ಞಾನಿಗಳಿಗೆ 1994ರಲ್ಲಿ ಪಿಕೆಡಿ1 ಜೀನ್ ಸಿಕ್ಕಿತು. ಎರಡು ವರ್ಷದ ಮೇಲೆ 4ನೇ ಕ್ರೋಮೋಸೋಮಿನಲ್ಲಿ ಪಿಕೆಡಿ2 ಕೂಡ ಸಿಕ್ಕಿತು.

ಇನ್ನು ಕ್ಯಾನ್ಸರಿನ ಮಾತು. ಗುಳ್ಳೆಯ ಗೋಡೆಯ ಜೀವಕೋಶಗಳೂ ಹದ್ದು ಮೀರಿ ಹೆಚ್ಚುತ್ತವೆ, ನಿಜ. ಆದರೆ ಅವು ತಮ್ಮ ಹೊಲದ ಬದು ದಾಟುವುದಿಲ್ಲ. ಬದು ಒಡೆದು ಪಕ್ಕದ ಹೊಲಕ್ಕೆ ನುಗ್ಗುವುದು ಕ್ಯಾನ್ಸರ್. ಈ ಕಾಯಿಲೆಯವರಲ್ಲಿ ಸಾಮಾನ್ಯ ಸ್ಕ್ಯಾನಿಂಗ್ ಮಾಡಿದರೆ ಸುಮಾರು 10ರಲ್ಲಿ ಒಬ್ಬರಿಗೆ ಮೇದೋಜೀರಕದಲ್ಲೂ ಗುಳ್ಳೆ ಕಾಣುತ್ತದೆ, ಎಂಆರ್‌ಐಯಲ್ಲಿ ಇನ್ನೂ ಹೆಚ್ಚು ಜನರಲ್ಲಿ. ಬಹುಪಾಲು ನಿರುಪದ್ರವಿ. ಇಂಥವರಿಗೆ ಮೇದೋಜೀರಕದ ಕ್ಯಾನ್ಸರ್ ಬಂದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಇವೆ. ಅಷ್ಟರಿಂದಲೇ ಒಂದು ಇನ್ನೊಂದಕ್ಕೆ ಕಾರಣವೆಂದು ಹೆದರಿಸುವುದು ತಪ್ಪು.

ಹಾಗೆಂದು ಉದಾಸೀನ ಬೇಡ. ಗುಳ್ಳೆಯೊಳಗೆ ಗಟ್ಟಿ ಭಾಗವಿದ್ದರೆ, ಗ್ರಂಥಿಯ ನಾಳ ಹಿಗ್ಗಿದ್ದರೆ, ಕಣ್ಣು ಹಳದಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, 50 ದಾಟಿದ ಮೇಲೆ ಹಠಾತ್ತನೆ ಶುಗರ್ ಬಂದರೆ ತಜ್ಞರನ್ನು ಕಾಣಲೇಬೇಕು. ಡೈ ಕೊಟ್ಟು ತೆಗೆಯುವ ಸಿ.ಟಿ. ಸ್ಕ್ಯಾನ್‌ಗೆ ಬರೆದರೆ ಮೊದಲು ನಿಮ್ಮ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ. ಸೋತ ಕಿಡ್ನಿಗೆ ಡೈ ಭಾರವಾಗಬಹುದು.

ಈ ಮನೆತನಗಳ ನಿಜವಾದ ವೈರಿ ಬಿಪಿ. ನೋವಿಲ್ಲದೆ ಏರಿ ಕಿಡ್ನಿಯನ್ನು ಡಯಾಲಿಸಿಸ್‌ವರೆಗೆ ತಳ್ಳುತ್ತದೆ. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರನ್ನೂ ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ಬಿಪಿ ನೋಡಿಸಿ.